ಅವತ್ತು ಫೋನ್ ಮಾಡಿದ್ದು ನಾನೇ

(1/7)

ಫೋಟೊದಲ್ಲಿ ಬಸ್ ಸ್ಟ್ಯಾಂಡಿನ ಒಂದು ಕಂಬ ಬಿಟ್ರೆ ಏನೂ ಇಲ್ಲ, ಗೊತ್ತು. ಸ್ವೈಪ್ ಮಾಡಿದ್ರೂ ಅದೇ ಕಂಬ, ಇನ್ನೊಂದು ಕಡೆಯಿಂದ. ಈ ಕಂಬಕ್ಕೆ ಒರಗಿಕೊಂಡು ಒಬ್ಬ ಅಜ್ಜಿ ಕೂರ್ತಿದ್ರು. ನಮ್ಮ ಕಾಲೇಜಿನವರು ಎಲ್ಲರೂ ನೋಡಿರ್ತೀರ. ಕೆಂಪು ಅಂಚಿನ ಹಸಿರು ಸೀರೆ, ಪಕ್ಕದಲ್ಲಿ ಒಂದು ಸ್ಟೀಲ್ ಲೋಟ. ಕೈ ಚಾಚ್ತಿರಲಿಲ್ಲ, ಕೂಗ್ತಿರಲಿಲ್ಲ. ಕಾಸು ಬಿದ್ರೆ "ಒಳ್ಳೇದಾಗ್ಲಿ ಮಗಾ" ಅಷ್ಟೇ.

ಊರಿನ ಹೆಸರು ಹೇಳಲ್ಲ. ಕಾಮೆಂಟಲ್ಲಿ ನೀವೂ ಹೇಳಬೇಡಿ ಪ್ಲೀಸ್. ನನ್ನೂರು ಮಾತ್ರ ಎಲ್ಲರಿಗೂ ಗೊತ್ತು: ಆದಿವಾಲ, ಹಿರಿಯೂರು ತಾಲ್ಲೂಕು, ಹೆದ್ದಾರಿ 48ರ ಪಕ್ಕ. ಬೆಳಿಗ್ಗೆ ಬಸ್ಸು ಹತ್ತಿ ಕಾಲೇಜಿಗೆ ಹೋಗಿ ಸಂಜೆ ವಾಪಸ್ ಬರೋಳು ನಾನು. ಅಂದ್ರೆ ದಿನಕ್ಕೆ ಎರಡು ಸಲ ಆ ಅಜ್ಜಿಯನ್ನ ದಾಟಿ ಹೋಗ್ತಿದ್ದೆ, ಎರಡು ವರ್ಷ. ಒಂದು ದಿನಾನೂ ಹೆಸರು ಕೇಳಿರಲಿಲ್ಲ.

(2/7)

ಆ ರೀಲ್ ನೆನಪಿದೆಯಾ? ಹಿಂದೆ ಸ್ಯಾಡ್ ಮ್ಯೂಸಿಕ್ ಹಾಕಿ, "ಇವರಿಗೆ ಯಾರೂ ಇಲ್ವಾ?" ಅಂತ ಬರೆದಿದ್ದೆ. ನಿಮ್ಮಲ್ಲಿ ಸುಮಾರು ಜನ ಶೇರ್ ಮಾಡಿದ್ರಿ. ನನ್ನ ಪೇಜಿನಲ್ಲಿ ಅಷ್ಟು ಓಡಿದ್ದು ಅದೊಂದೇ. ಅಳೋ ಇಮೋಜಿ, ಕೈಮುಗಿಯೋ ಇಮೋಜಿ, "ನಿಮ್ಮಂಥವರು ಬೇಕು ಸಿಸ್ಟರ್" ಅಂತೆಲ್ಲ. ಸುಳ್ಳು ಯಾಕೆ ಹೇಳ್ಲಿ, ಖುಷಿ ಆಗಿತ್ತು.

ಇಷ್ಟು ನಿಮಗೆ ಗೊತ್ತಿರೋ ಕಥೆ. ಗೊತ್ತಿಲ್ಲದೇ ಇರೋದು ಇದು: ರೀಲ್ ಹಾಕಿದ ಮಾರನೇ ದಿನ ಒಬ್ಬರು ಮೆಸೇಜ್ ಮಾಡಿದ್ರು, "ಬರೀ ವಿಡಿಯೊ ಮಾಡಿದ್ರೆ ಆಯ್ತಾ? ಪೊಲೀಸ್ರಿಗೆ ಹೇಳಿ, ಎಲ್ಲಾದ್ರೂ ಸೇರಿಸ್ತಾರೆ." ಸರಿ ಅನ್ನಿಸ್ತು. 112ಕ್ಕೆ ಫೋನ್ ಮಾಡಿದೆ. ಬಸ್ ಸ್ಟ್ಯಾಂಡಲ್ಲಿ ವಯಸ್ಸಾದವರು ಭಿಕ್ಷೆ ಬೇಡ್ತಾ ಕೂತಿದ್ದಾರೆ, ಅನಾಥರು, ದಯವಿಟ್ಟು ಏನಾದ್ರೂ ಮಾಡಿ ಅಂದೆ. "ಅನಾಥರು" ಅನ್ನೋ ಪದ ನಂದೇ. ಯಾರನ್ನ ಕೇಳಿ ಹೇಳಿದೆ? ಯಾರನ್ನೂ ಅಲ್ಲ.

ಮೂರ್ನಾಲ್ಕು ದಿನ ಏನೂ ಆಗಲಿಲ್ಲ. ಆಮೇಲೆ ಊರಲ್ಲಿ ಯಾವುದೋ ದೊಡ್ಡ ಕಾರ್ಯಕ್ರಮ ಅಂತ ರಸ್ತೆಗೆಲ್ಲ ಸುಣ್ಣ ಹೊಡೆದ್ರು, ಫ್ಲೆಕ್ಸ್ ಕಟ್ಟಿದ್ರು. ಮಾರನೇ ದಿನ ನೋಡಿದ್ರೆ ಕಂಬದ ಹತ್ತಿರ ಅಜ್ಜಿ ಇಲ್ಲ. ನನ್ನ ಫೋನಿಂದ ಹೋದ್ರೋ, ಕಾರ್ಯಕ್ರಮದ ದೆಸೆಯಿಂದ ಹೋದ್ರೋ, ಇವತ್ತಿಗೂ ಗೊತ್ತಿಲ್ಲ. ಅವತ್ತು ಮಾತ್ರ ನನ್ನಿಂದಾನೇ ಅಂದ್ಕೊಂಡೆ. ಸ್ಟೋರಿ ಹಾಕಿದ್ದೆ: "ಅಜ್ಜಿ ಈಗ ಸೇಫ್ ❤️"

(3/7)

ಒಂದು ವಾರ ಕಳೆದು ಒಬ್ಬ ಹುಡುಗ ಮೆಸೇಜ್ ಮಾಡ್ದ. ಪಿಯುಸಿ ಓದ್ತಿರೋನು. "ಅಕ್ಕ, ನಿಮ್ಮ ವಿಡಿಯೊದಲ್ಲಿ ಇರೋದು ನಮ್ಮಜ್ಜಿ. ಈಗ ಎಲ್ಲಿದಾರೆ ಗೊತ್ತಾ?"

ಫೋನ್ ಕೈಯಿಂದ ಜಾರಿಬಿಡ್ತು ನಂಗೆ.

ಅಜ್ಜಿಗೆ ಮನೆ ಇತ್ತು. ಮಗಳು, ಮೊಮ್ಮಗ ಇದ್ರು. ಹದಿನೆಂಟು ಕಿಲೋಮೀಟರ್ ಆಚೆ ಒಂದು ಹಳ್ಳಿ. ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ ಬರ್ತಿತ್ತು, ಆಧಾರ್‌ದು ಬ್ಯಾಂಕಿಂದು ಏನೋ ತಾಳೆ ಆಗ್ತಿಲ್ಲ ಅಂತ ನಾಲ್ಕು ತಿಂಗಳಿಂದ ನಿಂತಿತ್ತು. ಬಿಪಿ ಮಾತ್ರೆಗೆ ಮಗಳನ್ನ ಕೇಳೋಕೆ ಸಂಕೋಚ. ಮಗಳೂ ಕೂಲಿಗೆ ಹೋಗೋರೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ದುಡ್ಡು ಬೇಡ. "ಪ್ಯಾಟೆಗೆ ಹೋಗಿ ಬತ್ತೀನಿ" ಅಂತ ಬೆಳಿಗ್ಗೆ ಹೊರಟು, ನಾಲ್ಕು ಗಂಟೆ ಕೂತು, ಮಾತ್ರೆ ತಗೊಂಡು, ಸಂಜೆ ಬಸ್ಸಿಗೆ ವಾಪಸ್. ಮನೆಯವರಿಗೆ ಗೊತ್ತಾಗಿದ್ದೇ ನನ್ನ ರೀಲ್ ನೋಡಿ. ಅಂದ್ರೆ ಆ ವಿಡಿಯೊ ಹಳ್ಳಿಗೆಲ್ಲ ತಲುಪಿತ್ತು. ಆ ತಾಯಿ ಅನುಭವಿಸಿದ ಅವಮಾನ ಎಷ್ಟಿರಬೇಕು ಅಂತ ಆಮೇಲೆ ಯೋಚನೆ ಬಂತು.

ಹುಡುಗ, ಅವರಮ್ಮ, ನಾನು ಮೂವರೂ ಸ್ಟೇಷನ್ನಿಗೆ ಹೋದ್ವಿ. ಅಲ್ಲಿದ್ದ ಒಬ್ಬ ಕಾನ್‌ಸ್ಟೇಬಲ್ ಅಣ್ಣ ಬೈಲಿಲ್ಲ ಗದರಲಿಲ್ಲ, ಕೂರಿಸಿ ನೀರು ಕೊಟ್ರು. "ಗಾಡಿ ಬಂದಿತ್ತಮ್ಮ. ಬಸ್ ಸ್ಟ್ಯಾಂಡು, ದೇವಸ್ಥಾನದ ಹತ್ತಿರ ಇದ್ದೋರನ್ನೆಲ್ಲ ಹತ್ತಿಸ್ಕೊಂಡು ಹೋದ್ರು. ಮೇಲಿನಿಂದ ಹೇಳಿದಾಗ ನಾವೂ ಜೊತೆಗೆ ಹೋಗ್ಬೇಕು" ಅಂದ್ರು. ಅಜ್ಜಿ "ನಂಗೆ ಮನೆ ಐತೆ ಸಾ" ಅಂತ ಹೇಳಿದ್ರಾ? ಕೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, "ಎಲ್ಲರೂ ಹಂಗೇ ಹೇಳ್ತಾರಮ್ಮ" ಅಂದ್ರು.

(4/7)

ಇಲ್ಲಿ ಸ್ವಲ್ಪ ಕಾನೂನು. ಬೋರ್ ಅನ್ಕೊಂಡು ಸ್ಕಿಪ್ ಮಾಡಬೇಡಿ, ನಾನೂ ಹಂಗೆ ಸ್ಕಿಪ್ ಮಾಡ್ತಿದ್ದೋಳೇ.

ನಮ್ಮ ರಾಜ್ಯದಲ್ಲಿ ಭಿಕ್ಷೆ ಬೇಡೋದು ಅಪರಾಧ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ, 1975. ಅದಕ್ಕೂ ಮುಂಚೆ ಮೈಸೂರು ಮಹಾರಾಜರ ಕಾಲದಲ್ಲಿ, 1944ರಲ್ಲೇ ಒಂದಿತ್ತು. ಈಗಿನ ಕಾಯ್ದೆ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಭಿಕ್ಷೆ ಬೇಡ್ತಿರೋರನ್ನ ವಾರಂಟ್ ಇಲ್ಲದೇ ಹಿಡಿಯಬಹುದು. ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿ, ಭಿಕ್ಷುಕರೇ ಅಂತ ತೀರ್ಮಾನ ಆದ್ರೆ ಪರಿಹಾರ ಕೇಂದ್ರದಲ್ಲಿ ಒಂದರಿಂದ ಮೂರು ವರ್ಷ ಇಡಬಹುದು. ಹೆಸರು "ನಿರಾಶ್ರಿತರ ಪರಿಹಾರ ಕೇಂದ್ರ". ನಮ್ಮ ಜನ ಹೇಳೋದು "ಬೆಗ್ಗರ್ಸ್ ಕಾಲೋನಿ". ಹೋಲಿಸಿ ನೋಡಿ: ಈಗಿನ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯ ಸಾರ್ವಜನಿಕ ಉಪದ್ರವಕ್ಕೆ ಶಿಕ್ಷೆ 1,000 ರೂಪಾಯಿವರೆಗೆ ದಂಡ. ದಾರಿಗೆ ಅಡ್ಡ ಪೆಂಡಾಲ್ ಹಾಕಿ ರಾತ್ರಿಯಿಡೀ ಡಿಜೆ ಹಾಕೋನಿಗೆ ದಂಡ ಬಿದ್ರೆ ಹೆಚ್ಚು. ಲೋಟ ಇಟ್ಕೊಂಡು ಸುಮ್ಮನೆ ಕೂತೋರಿಗೆ ವರ್ಷ.

ಇನ್ನೊಂದು ವಿಷಯ ಓದಿ ನಂಗೆ ತಲೆ ತಿರುಗಿತು. ಭಿಕ್ಷುಕ ಅಂದ್ರೆ ಯಾರು ಅಂತ ಹೇಳೋ ಕಡೆ, ಹಾಡೋದು, ಕುಣಿಯೋದು, ಭವಿಷ್ಯ ಹೇಳೋದು, ಆಟ ತೋರಿಸೋದು, ಏನಾದ್ರೂ ಮಾರೋದು, ಇವೆಲ್ಲ "ನೆಪ" ಅಂತ ಬರುತ್ತೆ. ಸುಗ್ಗಿ ಟೈಮಲ್ಲಿ ನಮ್ಮ ಆದಿವಾಲಕ್ಕೆ ಕೋಲೆ ಬಸವನವರು ಬರ್ತಾರೆ. ದುರುಗಮ್ಮನ್ನ ತಲೆ ಮೇಲೆ ಹೊತ್ತು ಚಾಟಿ ಹೊಡ್ಕೊಳ್ಳೋರು ಬರ್ತಾರೆ. ಬುಡುಬುಡಿಕೆಯವರು ಬೆಳಗಿನ ಜಾವವೇ ಬಂದು ನಾಯಿಗಳನ್ನೆಲ್ಲ ಎಬ್ಬಿಸ್ತಾರೆ. ನಮ್ಮವ್ವ ಒಂದು ಸೇರು ರಾಗಿ ತಂದು ಜೋಳಿಗೆಗೆ ಹಾಕದೇ ಯಾರನ್ನೂ ಕಳಿಸಿದ್ದು ನಾನು ನೋಡಿಲ್ಲ. ನಮ್ಮನೇಲಿ ಅದನ್ನ ಭಿಕ್ಷೆ ಅನ್ನಲ್ಲ, "ಅವರ ಪಾಲು" ಅಂತಾರೆ. ಕಾನೂನಿನಲ್ಲಿ ಧಾರ್ಮಿಕ ಭಿಕ್ಷುಕರಿಗೆ ಪರವಾನಗಿ ಇದ್ರೆ ವಿನಾಯಿತಿ ಇದೆ, ಹರಕೆ ಹೊತ್ತು ಬೇಡೋರಿಗೂ ಇದೆ. ಆದ್ರೆ ಬಸವನ ಕೊರಳಲ್ಲಿ ಗಂಟೆ ಇರುತ್ತೆ, ಪರವಾನಗಿ ಎಲ್ಲಿಂದ ತರೋದು?

ಇದಕ್ಕೆಲ್ಲ ದುಡ್ಡು ಯಾರದು ಗೊತ್ತಾ? ನಿಮ್ಮದೇ. ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆರೋಗ್ಯ ಕರ, ಗ್ರಂಥಾಲಯ ಕರ ಅಂತ ಸಾಲಾಗಿ ಇರುತ್ತಲ್ಲ, ಅಲ್ಲೇ ಕೆಳಗೆ "ಭಿಕ್ಷುಕರ ಕರ". ಆಸ್ತಿ ತೆರಿಗೆ ಮೇಲೆ 3%. ನಾನು ಅಪ್ಪನ್ನ ಕೇಳಿದೆ, ಇದೇನು ಅಂತ. "ಕಟ್ಟು ಅಂತಾರೆ, ಕಟ್ತೀವಿ" ಅಂದ್ರು.

(5/7)

ಸಣ್ಣ ಭಾಗ, ಆದ್ರೆ ಹಿರಿಯೂರಿನೋರು ಓದಲೇಬೇಕು.

2010ರ ಆಗಸ್ಟ್. ಬೆಂಗಳೂರು ಮಾಗಡಿ ರಸ್ತೆಯ ಭಿಕ್ಷುಕರ ಕಾಲೋನಿ. ವಾಂತಿ-ಭೇದಿ ಶುರುವಾಗಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ರು. ಆಮೇಲೆ ಲೆಕ್ಕ ತೆಗೆದ್ರೆ ಆ ವರ್ಷದ ಶುರುವಿನಿಂದ ಸತ್ತವರು ಇನ್ನೂರು ದಾಟಿತ್ತು. ಊರಲ್ಲಿ ಹಿಡಿದು ತಂದು ತುಂಬಿದ್ದು ಅಷ್ಟು, ಜಾಗ ಇದ್ದದ್ದು ಇಷ್ಟು. ಕೂಲಿಗೆ ಬಂದು ರಸ್ತೆ ಬದಿ ಮಲಗಿದ್ದೋರೂ ಅದರಲ್ಲಿದ್ರು ಅಂತ ಆಗ ಪೇಪರಲ್ಲೆಲ್ಲ ಬಂತು. ಸಮಾಜ ಕಲ್ಯಾಣ ಸಚಿವರಾಗಿದ್ದೋರು ನಮ್ಮ ಹಿರಿಯೂರಿನ ಶಾಸಕರೇ, ಡಿ. ಸುಧಾಕರ್. ನಾನಾಗ ಅಂಗನವಾಡಿ. ಅಪ್ಪನಿಗೆ ನೆನಪಿದೆ: ಟೀ ಅಂಗಡೀಲಿ ಎರಡು ದಿನ ಅದೇ ಮಾತು, ಮೂರನೇ ದಿನ ಈರುಳ್ಳಿ ರೇಟು.

(6/7)

ಅಜ್ಜಿ ಸಿಕ್ಕಿದ್ದು ಬೇರೆ ಜಿಲ್ಲೆಯ ಕೇಂದ್ರದಲ್ಲಿ. ಯಾವುದು ಅಂತ ಬೇಡ. ಗೇಟಿನ ಹತ್ತಿರ ರಿಜಿಸ್ಟರ್‌ನಲ್ಲಿ ಹೆಸರು ಹುಡುಕಿದ್ರು. ಹೆಸರು ತಪ್ಪಾಗಿ ಬರೆದಿದ್ರು, ಊರಿನ ಜಾಗ ಖಾಲಿ ಬಿಟ್ಟಿದ್ರು. ಮೊಮ್ಮಗ ನನ್ನ ರೀಲ್ ತೋರಿಸಿದ ಮೇಲೆ ಗುರುತು ಸಿಕ್ತು. ನಾನು ಡಿಲೀಟ್ ಮಾಡ್ಬೇಕು ಅಂತಿದ್ದ ರೀಲೇ ಅವತ್ತು ಕೆಲಸಕ್ಕೆ ಬಂತು. ಏನು ಹೇಳೋದು.

ಅಜ್ಜಿಯನ್ನ ಕರ್ಕೊಂಡು ಬಂದ್ರು. ತಲೆ ಬೋಳು. ಹೇನು ಆಗುತ್ತೆ ಅಂತ ಎಲ್ಲರಿಗೂ ತೆಗೆಸ್ತಾರಂತೆ. ಹಸಿರು ಸೀರೆ ಇಲ್ಲ, ಅಲ್ಲಿ ಕೊಟ್ಟ ನೈಟಿ. ಮಗಳು ಅಲ್ಲೇ ನೆಲಕ್ಕೆ ಕೂತುಬಿಟ್ರು. ಅಜ್ಜಿ ಅಳಲಿಲ್ಲ. ಸೆರಗಿಲ್ಲದ ತಲೆ ಮೇಲೆ ಎರಡೂ ಕೈ ಇಟ್ಕೊಂಡು ಮುಚ್ಕೊಳ್ತಾನೇ ಇದ್ರು. "ನಿಮ್ಮಪ್ಪ ಸತ್ತಾಗ್ಲೂ ಕೂದ್ಲು ತೆಗ್ಸಿರ್ಲಿಲ್ಲ ಕಣವ್ವ" ಅಂದ್ರು ಮಗಳಿಗೆ.

ಊಟ ಹಾಕಿದ್ರಾ ಅಂದ್ರೆ ಹಾಕಿದ್ರು. ಹೊಡೆದ್ರಾ ಅಂದ್ರೆ ಇಲ್ಲ. ಮಲಗೋಕೆ ಮಂಚ ಇತ್ತು. ಇದನ್ನೂ ಹೇಳಬೇಕು, ಇಲ್ಲಾಂದ್ರೆ ಅನ್ಯಾಯ. ಅಲ್ಲಿ ಕೆಲಸ ಮಾಡೋ ಒಬ್ಬ ಅಮ್ಮ ನನ್ನ ಕಡೆ ನೋಡಿ ಹೇಳಿದ್ರು: "ನಿಮ್ಮಂಗೆ ಹುಡ್ಕೊಂಡು ಬರೋರು ಎಷ್ಟು ಜನ ಅನ್ಕೊಂಡ್ರಿ? ಮಕ್ಕಳೇ ಕಾರಲ್ಲಿ ತಂದು ರೋಡಲ್ಲಿ ಬಿಟ್ಟು ಹೋಗಿರೋರು ಇಲ್ಲಿ ಇದಾರೆ. ನಾವೂ ಬೇಡ ಅಂದ್ರೆ ಅವರು ಎಲ್ಲಿ ಸಾಯ್ಬೇಕು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕೇಂದ್ರ ಬೇಡ ಅಂತ ಹೇಳೋಕೆ ಈಗಲೂ ನಂಗೆ ಬಾಯಿ ಬರಲ್ಲ. ಬಾಗಿಲು ಒಳಗಡೆಯಿಂದಲೂ ತೆಗೆಯೋ ಹಾಗಿರಲಿ ಅನ್ನಿಸುತ್ತೆ ಅಷ್ಟೇ. ಬೇಕಾದೋರು ಇರ್ತಾರೆ, ಮನೆ ಇದ್ದೋರು ಹೋಗ್ತಾರೆ.

ಇನ್ನು ಮುಂದೆ ಭಿಕ್ಷೆ ಬೇಡಲ್ಲ, ನಾವೇ ನೋಡ್ಕೊಳ್ತೀವಿ ಅಂತ ಮಗಳ ಹತ್ತಿರ ಮುಚ್ಚಳಿಕೆ ಬರೆಸ್ಕೊಂಡ್ರು. ಆಧಾರ್ ಜೆರಾಕ್ಸ್, ರೇಷನ್ ಕಾರ್ಡ್ ಜೆರಾಕ್ಸ್. ಅಂಗಡಿ ದೂರ ಇತ್ತು, ಜೆರಾಕ್ಸಿಗೆ ಓಡಿದ್ದು ನಾನು. ಅವತ್ತು ನಾನು ಮಾಡಿದ ಒಂದೇ ಒಳ್ಳೆ ಕೆಲಸ.

(7/7)

ಕಾಮೆಂಟಲ್ಲಿ ಬರೋ ಪ್ರಶ್ನೆ ನಂಗೆ ಗೊತ್ತು: "ಹಂಗಾದ್ರೆ ಸಿಗ್ನಲಲ್ಲಿ ಮಕ್ಕಳನ್ನ ಬಿಟ್ಟು ಬೇಡಿಸೋ ಗ್ಯಾಂಗ್‌ಗಳು?" ಅವರನ್ನ ಹಿಡೀಲಿ. ಅದಕ್ಕೆ ಬೇರೆ ಕಾನೂನೇ ಇದೆ. ಮಕ್ಕಳ ಕೈಲಿ ಭಿಕ್ಷೆ ಬೇಡಿಸಿದ್ರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ. ಬೇಡಿಸೋನು ಬೇರೆ, ಬೇಡೋರು ಬೇರೆ. ಗಾಡಿಗೆ ಹತ್ತಿಸೋವಾಗ ಮಾತ್ರ ಇಬ್ಬರೂ ಒಂದೇ ಆಗಿಬಿಡ್ತಾರೆ, ಅದೂ ಬೇಡಿಸೋನು ಯಾವತ್ತೂ ಸ್ಪಾಟಲ್ಲಿ ಇರಲ್ಲ.

ಕೋರ್ಟುಗಳು ಇದನ್ನ ನಮಗಿಂತ ಮುಂಚೆ ಯೋಚಿಸಿವೆ. ದೆಹಲಿಯಲ್ಲಿ ಜಾರಿಯಲ್ಲಿದ್ದ ಬಾಂಬೆ ಭಿಕ್ಷಾಟನೆ ಕಾಯ್ದೆಯ ಶಿಕ್ಷೆಯ ಕಲಂಗಳನ್ನ ಅಲ್ಲಿನ ಹೈಕೋರ್ಟು 2018ರ ಆಗಸ್ಟ್ 8ರಂದು ರದ್ದು ಮಾಡ್ತು. ಕೋವಿಡ್ ಟೈಮಲ್ಲಿ, 2021ರ ಜುಲೈನಲ್ಲಿ, ಭಿಕ್ಷುಕರನ್ನ ರಸ್ತೆಯಿಂದ ತೆಗೀರಿ ಅಂತ ಕೇಳಿದ್ದಕ್ಕೆ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಬೇರೆ ದಾರಿ ಇದ್ದಿದ್ರೆ ಯಾರೂ ಬೇಡ್ತಿರಲಿಲ್ಲ ಅನ್ನೋ ಅರ್ಥದಲ್ಲೇ ಮಾತಾಡಿದ್ರು ಜಡ್ಜುಗಳು. ಆದ್ರೆ ಅದೇ ದೇಶದಲ್ಲಿ ಇಂದೋರ್‌ನೋರು 2025ರ ಜನವರಿಯಿಂದ ಭಿಕ್ಷೆ ಕೊಡೋರ ಮೇಲೂ ಕೇಸು ಅಂದ್ರು. ನಮ್ಮವ್ವ ಅಲ್ಲಿದ್ದಿದ್ರೆ ರಾಗಿ ಸೇರಿನ ಸಮೇತ ಒಳಗೆ ಹೋಗಿರೋರು.

ಅಜ್ಜಿ ಈಗ ಮನೇಲಿದ್ದಾರೆ. ಪಿಂಚಣಿ ಅರ್ಜಿ ಮತ್ತೆ ಹಾಕಿ, ಮೂರು ಸಲ ಓಡಾಡಿದ ಮೇಲೆ ಹಿಂದಿನದೂ ಸೇರಿ ಬಂತು. ಹೋದ ತಿಂಗಳು ನೋಡೋಕೆ ಹೋಗಿದ್ದೆ. ತಲೇಲಿ ಅರ್ಧ ಬೆರಳುದ್ದ ಬೆಳ್ಳಗೆ ಕೂದಲು ಬಂದಿದೆ. "ಆ ಇಡಿಯೋ ಐತಾ ಮಗಾ ನಿನ್ ತಾವ?" ಅಂದ್ರು. ಪೇಜಿಂದ ತೆಗೆದಿದ್ದೆ, ಗ್ಯಾಲರಿಯಲ್ಲಿತ್ತು. ಮ್ಯೂಸಿಕ್ ಮ್ಯೂಟ್ ಮಾಡಿ ತೋರಿಸಿದೆ. ಮೂರು ಸಲ ನೋಡಿದ್ರು. "ಜಡೆ ದಪ್ಪಕೈತೆ ಅಲ್ವಾ" ಅಂದ್ರು, ಆಮೇಲೆ "ಆ ಸೀರೆ ಏನಾಯ್ತೋ" ಅಂದ್ರು. ಟೀ ಕೊಟ್ರು, ಜೊತೆಗೆ ಎರಡು ಮಾರಿ ಬಿಸ್ಕತ್ತು. ನಾನು ಅನಾಥರು ಅಂತ ಫೋನ್ ಮಾಡಿದ್ದನ್ನ ಹೇಳೋಕೆ ಅವತ್ತೂ ಆಗಲಿಲ್ಲ.

ಆ ಹುಡುಗ ಈ ಪೇಜ್ ಫಾಲೋ ಮಾಡ್ತಾನೆ. ಅವನಿಗೆ ರೀಲ್ ಗೊತ್ತು, ಫೋನ್ ಗೊತ್ತಿಲ್ಲ.

ತಮ್ಮಾ, ಓದ್ತಿದ್ರೆ ಒಂದು ಮಾತು. ಭಾನುವಾರ ಹತ್ತು ಗಂಟೆ ಬಸ್ಸಿಗೆ ಬರ್ತೀನಿ. ಅಲ್ಲಿವರೆಗೆ ಅಜ್ಜಿಗೆ ನೀನು ಹೇಳಬೇಡ, ನಾನೇ ಹೇಳ್ತೀನಿ. ಬೈದ್ರೆ ಬೈಸ್ಕೊಳ್ತೀನಿ.

#ಆದಿವಾಲ #ಹಿರಿಯೂರು #ಬಸ್‌ಸ್ಟ್ಯಾಂಡ್‌ಕಥೆಗಳು