ಬ್ರೆಡ್ಡಿನೊಳಗಣ ಸ್ಪಾಗೆಟ್ಟಿ

ಶಾವಿಗೆಯ ಹಿರಿಯಕ್ಕನಂತಿರುವ ಸ್ಪಾಗೆಟ್ಟಿಯನ್ನು ಬ್ರೆಡ್ಡಿನ ನಡುವೆ ಇಟ್ಟು ತಿನ್ನುವೆನೆಂದರೆ ಮೂಗು ಮುರಿಯುವವರುಂಟು. ಆದರೆ ವಾಚಕರೇ, ಜಪಾನಿನ ಬೇಕರಿಗಳಲ್ಲಿ ಅದು ಪರಿಚಿತ ತಿಂಡಿ. ಕೆಚಪ್ಪಿನೊಡನೆ ಬಾಣಲೆಯಲ್ಲಿ ಹುರಿದ ಸ್ಪಾಗೆಟ್ಟಿಯನ್ನು ಸೀಳಿದ ಉದ್ದನೆಯ ಬನ್ನಿನೊಳಗೆ ತುಂಬಿ ಮಾರುತ್ತಾರೆ.

ಬ್ರೆಡ್ಡು ತೊಯ್ಯದಿರುವ ಗುಟ್ಟನ್ನು ನಾನು ಕಂಡುಕೊಂಡುದು ಇಟಲಿಯವರ ಪಾಕಕ್ರಮದಲ್ಲಿ. ಸ್ಪಾಗೆಟ್ಟಿ ಪೂರ್ತಿ ಬೇಯುವುದಕ್ಕೆ 2 ನಿಮಿಷ ಮೊದಲೇ ಅದನ್ನು ನೀರಿನಿಂದೆತ್ತಿ, ಕುದಿಯುವ ಟೊಮೆಟೊ ಸಾಸಿಗೆ ಹಾಕುತ್ತಾರೆ. ಬೇಯಿಸಿದ ನೀರನ್ನೂ ಒಂದು ಸೌಟು ಬೆರೆಸುತ್ತಾರೆ. ಆ ನೀರಿನ ಗಂಜಿಯು ಎಣ್ಣೆಯನ್ನೂ ರಸವನ್ನೂ ಕೂಡಿಸಿ ಎಳೆಯೆಳೆಗೂ ಅಂಟಿಸುತ್ತದೆ. ಬರಿದೆ ಮೇಲೆ ಸುರಿದ ಸಾಸಾದರೋ ಜಾರಿ ತಟ್ಟೆಯ ತಳ ಸೇರುತ್ತದೆ.

ಹೀಗೆ ಒಂದಾದ ಸ್ಪಾಗೆಟ್ಟಿ ಮರುದಿನ, ಬೆಣ್ಣೆ ಸವರಿ ಕಾಯಿಸಿದ ಬ್ರೆಡ್ಡಿನೊಳಗೆ ಸೋರದೆ ನಿಲ್ಲುತ್ತದೆ. ರಾತ್ರಿ ಮಿಕ್ಕುದನ್ನು ಚೆಲ್ಲುವ ಪಾಪ ತಪ್ಪಿತು. ಬೆಳಗಿನ ತಿಂಡಿಯ ಚಿಂತೆಯೂ ತೀರಿತು.