ಕೊನೇ ಬಸ್ಸಿನ ಲೆಕ್ಕ

ಗಾಡಿ ನಿಲ್ಲಿಸಲು ಜಾಗವಿಲ್ಲ ಎಂಬ ಗೋಳು ಬೆಂಗಳೂರಿನವರದು ಎಂದುಕೊಂಡಿದ್ದ ಕಾಲ ಹೋಯಿತು. ಈಗ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲಿಗೆ ಹೋದರೂ ಚಹಾದಂಗಡಿ ಮುಂದೆ ಅದೇ ಮಾತು. ಸಂತೆ ದಿನ ಪೇಟೆಯೊಳಗೆ ಒಬ್ಬರು ಕಾರು ತಿರುಗಿಸಬೇಕಾದರೆ ಸೊಪ್ಪು ಮಾರುವ ಅಜ್ಜಿ ಪುಟ್ಟಿ ಎತ್ತಿ ತೊಡೆ ಮೇಲಿಟ್ಟುಕೊಳ್ಳಬೇಕು, ಹಿಂದೆ ಟಂಟಂ, ಅದರ ಹಿಂದೆ ಮೆಕ್ಕೆಜೋಳದ ಟ್ರ್ಯಾಕ್ಟರ್ ಸಾಲುಗಟ್ಟಿ ನಿಲ್ಲಬೇಕು. ಊರ ಮಧ್ಯೆ ಒಂದು ದೊಡ್ಡ ಪಾರ್ಕಿಂಗ್ ಜಾಗ ಮಾಡಿಕೊಡಿ ಎನ್ನುವುದು ಎಲ್ಲರ ಬೇಡಿಕೆ. ನನಗೆ ಹಾಗನ್ನಿಸುವುದಿಲ್ಲ. ಈ ಇಕ್ಕಟ್ಟು ಕಾಣುವುದು ಪೇಟೆಯಲ್ಲಿ. ಹುಟ್ಟುವುದು ದೂರದ ಕಚೇರಿಯಲ್ಲಿ ಮತ್ತು ಬೇಗನೆ ಹೊರಟುಬಿಡುವ ಕೊನೇ ಬಸ್ಸಿನಲ್ಲಿ.

ಹರಪನಹಳ್ಳಿಯವರನ್ನೇ ಕೇಳಿ. ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಮುಖ ಹೊಸಪೇಟೆ ಕಡೆ ತಿರುಗಿತು. ಬಳ್ಳಾರಿಗೆ ಸೇರಿ ಸಂವಿಧಾನದ 371(ಜೆ) ವಿಧಿಯ ವಿಶೇಷ ಸೌಲಭ್ಯ ಬೇಕೆಂದು ಜನ ಹೋರಾಡಿದ್ದು ನ್ಯಾಯವೇ. ಆದರೆ ಬಳ್ಳಾರಿ ಜಿಲ್ಲೆಯಲ್ಲಿದ್ದಾಗ ಒಂದು ಸಹಿಗಾಗಿ ಅಲ್ಲಿಗೆ ಹೋಗುವುದೆಂದರೆ ನೂರು ಕಿಲೋಮೀಟರ್ ಮೀರಿದ ದಾರಿಯಾಗಿತ್ತು. ಬಸ್ಸಿಗೆ ಹೋದರೆ ಸಾಹೇಬರು ಊಟಕ್ಕೆ ಎದ್ದಿರುತ್ತಿದ್ದರು, ಕಾದರೆ ವಾಪಸ್ ಬಸ್ಸು ತಪ್ಪುತ್ತಿತ್ತು. ನಾಲ್ಕು ಮಂದಿ ಸೇರಿ ಬಾಡಿಗೆ ಕಾರು ಮಾಡದೆ ಇನ್ನೇನು ಮಾಡಬೇಕಿತ್ತು? ಕೊಟ್ಟೂರಿನ ಕಥೆ ಬೇರೆ: 2017ರ ಬಜೆಟ್‌ನಲ್ಲಿ ಅದು ತಾಲ್ಲೂಕು ಎಂದು ಘೋಷಣೆಯಾಗಿ ತಹಶೀಲ್ದಾರರು ಊರಿಗೇ ಬಂದ ಮೇಲೆ ಪಹಣಿ, ಜಾತಿ ಪ್ರಮಾಣಪತ್ರ ಅಂತ ಕೂಡ್ಲಿಗಿಗೆ ಓಡುವುದು ತಪ್ಪಿತು. ಇದನ್ನು ಯಾರೂ ಸಾರಿಗೆ ಯೋಜನೆ ಎನ್ನಲಿಲ್ಲ. ನನ್ನ ಮಟ್ಟಿಗೆ ಈ ಭಾಗ ಕಂಡ ಒಳ್ಳೆಯ ಸಾರಿಗೆ ಯೋಜನೆ ಅದೇ.

ನಿಲ್ಲಿಸುವ ಜಾಗದ ವಿಷಯಕ್ಕೆ ಬರೋಣ. ಒಂದು ಕಾರಿಗೆ ಸುಮಾರು ಹನ್ನೆರಡು ಚದರ ಮೀಟರ್ ನೆಲ ಬೇಕು. ಅಷ್ಟರಲ್ಲಿ ಐದಾರು ಬೈಕು ನಿಲ್ಲುತ್ತವೆ, ಅದಕ್ಕಿಂತ ಹೆಚ್ಚು ಸೈಕಲ್ಲು. ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಶೂಪ್ 2005ರಲ್ಲಿ ಇದರ ಮೇಲೆಯೇ ಒಂದು ದಪ್ಪ ಪುಸ್ತಕ ಬರೆದರು. ಪುಕ್ಕಟೆ ಪಾರ್ಕಿಂಗ್ ಎಂಬುದೇ ಇಲ್ಲ, ಅದರ ಖರ್ಚನ್ನು ಕಾರಿಲ್ಲದವರೂ ಹೊರುತ್ತಾರೆ ಎಂಬುದು ಅವರ ವಾದ. ನಮ್ಮ ಪೇಟೆಗೆ ಅದು ಎಷ್ಟು ಒಪ್ಪುತ್ತದೆ ನೋಡಿ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಮಾಲೀಕರು ತಮ್ಮ ಕಾರನ್ನು ತಮ್ಮ ಅಂಗಡಿ ಮುಂದೆಯೇ ನಿಲ್ಲಿಸಿ ರಾತ್ರಿ ತನಕ ಅಲ್ಲಾಡಿಸುವುದಿಲ್ಲ. ಬಂದ ಗಿರಾಕಿ ರಸ್ತೆ ಮಧ್ಯೆ ಬೈಕು ನಿಲ್ಲಿಸುತ್ತಾನೆ. ಬಗಲಲ್ಲಿ ಕೂಸು, ಕೈಯಲ್ಲಿ ಚೀಲ ಹಿಡಿದ ಹೆಣ್ಣುಮಗಳು ಆ ಬೈಕನ್ನೂ ಬಳಸಿಕೊಂಡು ಲಾರಿ ಓಡಾಡುವ ಕಡೆ ನಡೆಯುತ್ತಾಳೆ. ಆ ಪುಕ್ಕಟೆ ಜಾಗದ ಬಾಡಿಗೆ ಕಟ್ಟಿದವಳು ಆಕೆ.

ಜಪಾನಿನಲ್ಲಿ 1962ರಲ್ಲೇ ಕಾನೂನು ಮಾಡಿ, ಗಾಡಿ ಇಡಲು ಜಾಗ ತೋರಿಸಿ ಆಮೇಲೆ ಕಾರು ಕೊಳ್ಳಿ ಎಂದರು. ಬೆಂಗಳೂರಿಗೂ 2021ರಲ್ಲಿ ಹೊಸ ಪಾರ್ಕಿಂಗ್ ನೀತಿಗೆ ಸರ್ಕಾರ ಒಪ್ಪಿಗೆ ಕೊಟ್ಟಿತು; ಜಾಗ ಹೆಚ್ಚಿಸುತ್ತಾ ಹೋಗುವ ಬದಲು ಬೇಡಿಕೆಯನ್ನೇ ಹಿಡಿತಕ್ಕೆ ತರಬೇಕೆಂಬುದು ಅದರ ತಿರುಳು. ಊರು ಬೆಂಗಳೂರಿನಷ್ಟು ಬೆಳೆದ ಮೇಲೆ ಬುದ್ಧಿ ಹೇಳುವುದು ಕಷ್ಟ. ನಮ್ಮ ಊರುಗಳಿಗೆ ಇನ್ನೂ ಹೊತ್ತಿದೆ.

ಹಾಗೆ ನೋಡಿದರೆ ಜನಜಂಗುಳಿ ಸಂಭಾಳಿಸುವುದು ಈ ಸೀಮೆಗೆ ಹೊಸದಲ್ಲ. ಭರತ ಹುಣ್ಣಿಮೆಯ ಹೊತ್ತಿಗೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭವಿಷ್ಯ ನುಡಿಯುವ ಕಾರಣಿಕ ಕೇಳಲು ಲಕ್ಷಗಟ್ಟಲೆ ಜನ ಸೇರುತ್ತಾರೆ. ಬಂಡಿ ಕಟ್ಟಿಕೊಂಡು ಬರುವವರು ಇಂದಿಗೂ ಇದ್ದಾರೆ. ಎತ್ತಿಗೆ ಝೂಲಾ ಹೊದಿಸಿ, ಕೊರಳಿಗೆ ಗಂಟೆ ಸರ ಕಟ್ಟಿ ಬಂದವರು ಬಯಲಲ್ಲೇ ಕೊಳ್ಳು ಹರಿದು, ಎತ್ತಿಗೆ ಮೇವು ಹಾಕಿ, ಮೂರು ಕಲ್ಲು ಹೂಡಿ ಅಡುಗೆಗೆ ಇಡುತ್ತಾರೆ. ಗುಡಿಗೆ ಮಾತ್ರ ನಡೆದೇ ಹೋಗುತ್ತಾರೆ. ಬಂಡಿಯನ್ನು ಗುಡಿ ಬಾಗಿಲ ತನಕ ಹೊಡೆಯಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯಿಂದ ಪಾದಯಾತ್ರೆ ಬರುವವರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ಪ್ರಸಾದ. ನೆರಳು, ನೀರು, ಜೊತೆ ಇದ್ದರೆ ನಮ್ಮ ಜನ ನಡೆಯುತ್ತಾರೆ. ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ದಾರಿಯಲ್ಲಿ ಆ ಮೂರರಲ್ಲಿ ಒಂದೂ ಇಲ್ಲ. ಚರಂಡಿ ಮೇಲಿನ ಚಪ್ಪಡಿಯೂ ಅಲುಗಾಡುತ್ತದೆ.

2023ರ ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಆಸ್ಪತ್ರೆಗೆ, ಸಂತೆಗೆ, ತವರಿಗೆ ಗಂಡಸರ ಬೈಕು ಕಾಯದೆ ಹೊರಟರು. ಟಿಕೆಟ್ ಪುಕ್ಕಟೆಯಾಯಿತು, ಬಸ್ಸು ಸಾಲದಾಯಿತು. ರೈಲು ಇದೆ: ವರ್ಷಾನುಗಟ್ಟಲೆ ಪ್ರಯಾಣಿಕರ ಓಡಾಟ ನಿಂತುಹೋಗಿದ್ದ ಹೊಸಪೇಟೆ–ಕೊಟ್ಟೂರು ಹಳಿಯ ಮೇಲೆ 2019ರಲ್ಲಿ ಹರಿಹರದ ತನಕ ಪ್ಯಾಸೆಂಜರ್ ಓಡತೊಡಗಿತು. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೂರೂ ಅದರ ದಾರಿಯಲ್ಲಿವೆ. ಕೂಡ್ಲಿಗಿಗೂ ಹಡಗಲಿಗೂ ಹಳಿ ಇಲ್ಲ. ಇರುವ ಕಡೆಯಾದರೂ ರೈಲು ಬರುವ ಹೊತ್ತಿಗೆ ಸ್ಟೇಷನ್ ಮುಂದೆ ಒಂದು ಬಸ್ಸು ನಿಂತಿರಬೇಕು.

ಸ್ಥಳೀಯ ಸಂಸ್ಥೆಗಳು ಪೇಟೆ ಬೀದಿಯಲ್ಲಿ ಮೊದಲ ಅರ್ಧ ಗಂಟೆ ಬಿಟ್ಟು ಆಮೇಲೆ ಕಾರಿಗೆ ದುಡ್ಡು ತೆಗೆದುಕೊಳ್ಳಲಿ, ಆ ದುಡ್ಡನ್ನು ಅದೇ ಬೀದಿಯ ಚಪ್ಪಡಿಗೆ, ಶೌಚಾಲಯಕ್ಕೆ ಹಾಕಲಿ. ವ್ಯಾಪಾರ ಕೆಡುತ್ತದೆ ಎಂದು ಅಂಗಡಿಯವರು ಹೆದರುತ್ತಾರೆ. ಜಾಗ ಖಾಲಿಯಾದರೆ ಗಿರಾಕಿ ಒಳಗೆ ಬರುತ್ತಾನೆ ಎಂಬುದನ್ನು ಒಂದು ಬೀದಿಯಲ್ಲಿ ಮಾಡಿ ತೋರಿಸಬೇಕು. ಸಾರಿಗೆ ನಿಗಮದವರಲ್ಲಿ ಕೇಳುವುದು ಇಷ್ಟೇ: ಹೊಸಪೇಟೆಯಿಂದ ಐದೂ ಊರಿಗೆ ರಾತ್ರಿ ಒಂಬತ್ತೂವರೆಗೆ ಒಂದೊಂದು ಬಸ್ಸು ಖಾತ್ರಿ ಇರಲಿ. ಮೊದಲ ತಿಂಗಳು ಹತ್ತೇ ಜನ ಹತ್ತಿದರೂ ಕಲೆಕ್ಷನ್ ಇಲ್ಲವೆಂದು ನಿಲ್ಲಿಸಬೇಡಿ. ಬಸ್ಸು ಇದ್ದೇ ಇರುತ್ತದೆ ಎಂದು ಜನ ನಂಬಲು ಒಂದು ಮಳೆಗಾಲವಾದರೂ ಬೇಕು.