ಕೇಳು ಎಂಬ ಪದದ ಎರಡು ಅರ್ಥ



ಕನ್ನಡ ನುಡಿಯಲ್ಲಿ ‘ಕೇಳು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಆಲಿಸುವುದು ಒಂದು, ಪ್ರಶ್ನಿಸುವುದು ಇನ್ನೊಂದು. ಗುರು ಹೇಳಿದನು, ಶಿಷ್ಯನು ಕೇಳಿದನು ಎಂದಾಗ ಶಿಷ್ಯನು ಕಿವಿಗೊಟ್ಟನೆಂದೂ ಆಗುತ್ತದೆ, ತನ್ನ ಸಂದೇಹವನ್ನು ಮುಂದಿಟ್ಟನೆಂದೂ ಆಗುತ್ತದೆ. ಸಂಸ್ಕೃತದಲ್ಲಿ ಶ್ರವಣವೇ ಬೇರೆ, ಪ್ರಶ್ನವೇ ಬೇರೆ. ಕನ್ನಡವಾದರೋ ಇವೆರಡನ್ನೂ ಒಂದೇ ಪದದಲ್ಲಿ ಇರಿಸಿಕೊಂಡಿದೆ. ಇದನ್ನು ನಿಘಂಟಿನ ಸಂಗತಿಯೆಂದು ಓದಿ ಮುಂದೆ ಹೋಗುವವರೇ ಹೆಚ್ಚು. ಆದರೆ ಕಮಲಾಪುರದ ಒಂದು ಮನೆಯಲ್ಲಿ ಈ ಎರಡನೆಯ ಅರ್ಥ ಮರೆತುಹೋದ ಕಾರಣ, ಇಬ್ಬರು ಮುದುಕರ ಸಂಜೆಯ ಮಾತು ಎರಡು ವರ್ಷ ನಿಂತುಹೋಗಿತ್ತು.

ಆ ಮನೆಯ ಹಿರಿಯರು ನಿವೃತ್ತ ಪ್ರಾಥಮಿಕ ಶಾಲಾ ಮಾಸ್ತರರು. ವಯಸ್ಸು ಎಪ್ಪತ್ತೆಂಟು ದಾಟಿದೆ. ಕೆಂಬಾಳೆಗೆ ಹೆಸರಾದ ಆ ಊರಿನಲ್ಲಿ ಅವರ ಮಗನಿಗೂ ಒಂದಿಷ್ಟು ಬಾಳೆಯ ತೋಟವಿದೆ. ಮಾಸ್ತರರ ಕಿವಿ ಮಂದವಾಗುತ್ತ ಬಂದಾಗ, 2021ರಲ್ಲಿ ಮಗ ಅವರನ್ನು ಕಲಬುರಗಿಗೆ ಕರೆದೊಯ್ದು, ಪರೀಕ್ಷೆ ಮಾಡಿಸಿ, ಬಲಗಿವಿಯ ಹಿಂದೆ ಇಟ್ಟುಕೊಳ್ಳುವ ಶ್ರವಣಯಂತ್ರವೊಂದನ್ನು ಕೊಡಿಸಿದನು. ಊರ ಮಾತಿನಲ್ಲಿ ಅದು ‘ಕಿವಿ ಮಶೀನು’. ಮೊದಲ ದಿನ ಬಸ್ಸಿನಲ್ಲಿ ಹಿಂದಿರುಗುವಾಗ ಕಂಡಕ್ಟರ್ ಊರುಗಳ ಹೆಸರು ಕೂಗುವುದು ಸ್ಪಷ್ಟವಾಗಿ ಕೇಳಿಸಿತೆಂದು ಮಾಸ್ತರರು ಮಗುವಿನಂತೆ ಸಂತೋಷಪಟ್ಟರು.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಹಗಲಿನಲ್ಲಿ ಎಲ್ಲರೊಡನೆ ಮಾತನಾಡುತ್ತಿದ್ದವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಯಂತ್ರವನ್ನು ತೆಗೆದು ಡಬ್ಬಿಯಲ್ಲಿ ಇಡತೊಡಗಿದರು. ಕೇಳಿದವರಿಗೆ ‘ಗುಂಯ್ ಅಂತದ’ ಎಂದಷ್ಟೇ ಉತ್ತರ. ಮನೆಯವರು ಯಂತ್ರವನ್ನು ತಮ್ಮ ಕಿವಿಯ ಬಳಿ ಹಿಡಿದು ನೋಡಿದರು. ಅವರಿಗೆ ಯಾವ ಗುಂಯ್ ಎಂಬ ಸದ್ದೂ ತಿಳಿಯಲಿಲ್ಲ. ಕೊಟ್ಟ ಕಡೆಗೆ ಒಯ್ದು ತೋರಿಸಿದರೆ, ಪರೀಕ್ಷಾ ಕೋಣೆಯ ನಿಶ್ಶಬ್ದದಲ್ಲಿ ಅದು ನಿರ್ದೋಷವಾಗಿಯೇ ಕೆಲಸ ಮಾಡಿತು. ‘ಯಂತ್ರ ಸರಿಯಿದೆ, ರೂಢಿಯಾಗಬೇಕು’ ಎಂಬ ಮಾತಿನೊಂದಿಗೆ ಹಿಂದಿರುಗಿದ್ದಾಯಿತು.

ಇದರ ನಡುವೆ ಮಾಸ್ತರರು ಎರಡು ವಿಚಿತ್ರ ಮಾತುಗಳನ್ನು ಆಡುತ್ತಿದ್ದರು. ‘ಕರೆಂಟ್ ಹೋದ್ರ ನನ್ನ ಕಿವಿ ಬರ್ತಾವ’ ಎಂಬುದು ಒಂದು. ಮನೆಯವರು ನಕ್ಕರು. ಇನ್ನೊಂದು ಅದಕ್ಕಿಂತ ವಿಚಿತ್ರ. ಅಂಗಿಯ ಜೇಬಿನಲ್ಲಿದ್ದ ಗುಂಡಿಯ ಮೊಬೈಲು ಗಂಟೆ ಹೊಡೆಯುವ ಮೊದಲೇ ಅವರು ‘ಫೋನ್ ಬಂತು’ ಎಂದು ಕೈ ಹಾಕುತ್ತಿದ್ದರು. ಎರಡು ಕ್ಷಣ ಬಿಟ್ಟು ಅದು ನಿಜವಾಗಿಯೂ ಗಂಟೆ ಹೊಡೆಯುತ್ತಿತ್ತು. ನೆರೆಯವರಲ್ಲಿ ಒಬ್ಬರು ಇದನ್ನು ವಯಸ್ಸಿನ ಭ್ರಮೆ ಎಂದರು, ಇನ್ನೊಬ್ಬರು ಯಾವುದೋ ಸಿದ್ಧಿ ಎಂದು ಕೈಮುಗಿದರು. ಎರಡೂ ತಪ್ಪು. ಭ್ರಮೆ ಎಂದವರೂ ಸಿದ್ಧಿ ಎಂದವರೂ ಕಾರಣವನ್ನು ವಿಚಾರಿಸಲಿಲ್ಲ.

2022ರ ಬೇಸಿಗೆಯಲ್ಲಿ ಮನೆಗೆ ಇನ್ವರ್ಟರ್ ಬಂದಿತು. ಮಾಸ್ತರರ ಮಂಚದ ತಲೆದಿಂಬಿನ ಗೋಡೆಯ ಆಚೆಗೇ ಅದನ್ನು ಕೂರಿಸಿದರು. ಅಂದಿನಿಂದ ಕರೆಂಟು ಹೋದರೂ ಮಾಸ್ತರರ ಕಿವಿ ಬರಲಿಲ್ಲ. ಸಂಜೆಯಾದರೆ ಯಂತ್ರ ಡಬ್ಬಿಯೊಳಗೆ, ಮಾಸ್ತರರು ಮಂಚದ ಮೇಲೆ.

ಈ ಮೌನದ ಪೆಟ್ಟು ಬಿದ್ದದ್ದು ಅವರ ಮಡದಿಗೆ. ಐವತ್ತು ವರ್ಷಕ್ಕೂ ಮೀರಿದ ಸಂಸಾರದಲ್ಲಿ ಇಬ್ಬರೂ ಮಾತನಾಡುತ್ತಿದ್ದದ್ದು ಸಂಜೆಯ ಊಟದ ನಂತರವೇ. ಹಗಲೆಲ್ಲ ಶಾಲೆ, ಹೊಲ, ಅಡುಗೆಮನೆ. ರಾತ್ರಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಊರ ಸುದ್ದಿ, ಮಕ್ಕಳ ಸುದ್ದಿ, ಮಂಡಿನೋವಿನ ಸುದ್ದಿ. ಆ ತಾಯಿಯ ದನಿ ಮೊದಲೇ ಸಣ್ಣದು. ತಾನು ಬಂದು ಕೂಡುವ ಹೊತ್ತಿಗೇ ಪತಿ ಯಂತ್ರ ತೆಗೆದಿಡುವುದನ್ನು ದಿನವೂ ಕಂಡು, ಅವರು ತಮ್ಮಷ್ಟಕ್ಕೆ ಒಂದು ಅರ್ಥ ಮಾಡಿಕೊಂಡರು. ‘ಸಂಜಿ ಆತಂದ್ರ ಅವರಿಗಿ ನಮ್ಮ ಮಾತು ಬ್ಯಾಡಾಗ್ತದ’ ಎಂದು ಸೊಸೆಯೊಡನೆ ಒಮ್ಮೆ ಹೇಳಿ ಸುಮ್ಮನಾದರು. ಅವರೂ ಕೇಳಲಿಲ್ಲ, ಮಾಸ್ತರರೂ ಬಿಡಿಸಿ ಹೇಳಲಿಲ್ಲ.

2023ರ ದಸರೆಯ ರಜೆಗೆ ಮೊಮ್ಮಗಳು ಮನೆಗೆ ಬಂದಳು. ಕಲಬುರಗಿಯಲ್ಲಿ ವಿಜ್ಞಾನ ಪದವಿ ಓದುತ್ತಿದ್ದ ಹುಡುಗಿ. ಅವಳು ನಗಲಿಲ್ಲ, ಯಂತ್ರವನ್ನು ತನ್ನ ಕಿವಿಗೆ ಹಿಡಿದು ತೀರ್ಪು ಕೊಡಲೂ ಇಲ್ಲ. ತಾತನ ಬಲಗಡೆ ಕುಳಿತು, ಮುಖಕ್ಕೆ ಮುಖ ಕೊಟ್ಟು, ‘ಮುತ್ಯಾ, ನಿನಗ ಏನು ಕೇಳಸ್ತದ? ಎಲ್ಲಿ ಕೇಳಸ್ತದ? ಯಾವಾಗ ಕೇಳಸ್ತದ?’ ಎಂದು ಕೇಳಿದಳು. ಎರಡು ವರ್ಷಗಳಲ್ಲಿ ಹಾಗೆ ಕೇಳಿದವರಲ್ಲಿ ಅವಳೇ ಮೊದಲಿಗಳು.

ಮಾಸ್ತರರು ಎದ್ದು ಹೋಗಿ ಟ್ರಂಕಿನಿಂದ ಒಂದು ನೋಟುಪುಸ್ತಕ ತಂದರು. ಹಾಜರಿ ಪುಸ್ತಕದ ಹಾಗೆ ಗೆರೆ ಹಾಕಿದ ಹಾಳೆಗಳು. ತಾರೀಖು, ವೇಳೆ, ಕುಳಿತ ಜಾಗ, ದೀಪ ಇತ್ತೇ ಇಲ್ಲವೇ, ಸದ್ದು ಹೇಗಿತ್ತು. ಪಡಸಾಲೆಯ ಟ್ಯೂಬ್‌ಲೈಟಿನ ಕೆಳಗೆ ಹೆಚ್ಚು, ಅಂಗಳದಲ್ಲಿ ಇಲ್ಲ. ತೋಟದಲ್ಲಿ ಹಕ್ಕಿಯ ದನಿಯೂ ಕೇಳುತ್ತದೆ, ಪಂಪಿನ ಸ್ಟಾರ್ಟರ್ ಪೆಟ್ಟಿಗೆಯ ಬಳಿ ಹೋದರೆ ಗುಂಯ್. ಮಂಚದ ಮೇಲೆ ತಲೆಯನ್ನು ಎಡಕ್ಕೆ ಹೊರಳಿಸಿದರೆ ಕಡಿಮೆ, ಬಲಕ್ಕೆ ಹೊರಳಿಸಿದರೆ ಹೆಚ್ಚು. ಫೋನ್ ಬರುವ ಮುಂಚೆ ಟಿರ್ರ್ ಟಿರ್ರ್. ಅಕ್ಷರ ದುಂಡಗಿದ್ದವು. ಯಾರಿಗಾದರೂ ತೋರಿಸಬೇಕೆಂದೇ ಬರೆದಿಟ್ಟದ್ದು. ತೋರಿಸೆಂದು ಯಾರೂ ಹೇಳಿರಲಿಲ್ಲ.

ಅಜ್ಜ, ಮೊಮ್ಮಗಳು ಆ ಪುಸ್ತಕದೊಡನೆ ಕಲಬುರಗಿಗೆ ಹೋದರು. ಈ ಬಾರಿ ಬೇರೊಂದು ಶ್ರವಣ ಪರೀಕ್ಷಾ ಕೇಂದ್ರ. ಅಲ್ಲಿದ್ದ ಶ್ರವಣತಜ್ಞೆ ಎರಡು ಪುಟ ಓದಿ, ಯಂತ್ರವನ್ನು ತೆಗೆದುಕೊಂಡು, ಅದರ ಬೆನ್ನಿನ ಮೇಲಿದ್ದ ಅಕ್ಕಿಕಾಳಿನಷ್ಟು ಸಣ್ಣ ಗುಂಡಿಯನ್ನು ಒಂದು ಮನೆ ಸರಿಸಿದರು. ‘ಇದು ನಿಮ್ಮ ಕಿವಿಯ ದೋಷವೂ ಅಲ್ಲ, ಯಂತ್ರದ ದೋಷವೂ ಅಲ್ಲ’ ಎಂದರು.

ಇದರ ಮರ್ಮವನ್ನು ಸ್ವಲ್ಪ ವಿವರಿಸಬೇಕು. ಅನೇಕ ಶ್ರವಣಯಂತ್ರಗಳಲ್ಲಿ ಗಾಳಿಯ ಸದ್ದನ್ನು ಹಿಡಿಯುವ ಮೈಕಿನ ಜೊತೆಗೆ ತಂತಿಯ ಒಂದು ಪುಟ್ಟ ಸುರುಳಿಯೂ ಇರುತ್ತದೆ. ಅದಕ್ಕೆ ಟೆಲಿಕಾಯಿಲ್ ಎಂದು ಹೆಸರು. ಹಳೆಯ ಟೆಲಿಫೋನಿನ ರಿಸೀವರ್‌ನಿಂದ ಸೋರುವ ಕಾಂತಕ್ಷೇತ್ರವನ್ನು ಇದು ನೇರವಾಗಿ ಹಿಡಿದು ಮಾತಾಗಿ ಕೇಳಿಸುತ್ತದೆ. ಗುಂಡಿ ‘ಎಂ’ ಎಂಬಲ್ಲಿ ಇದ್ದರೆ ಮೈಕು, ‘ಟಿ’ ಎಂಬಲ್ಲಿ ಇದ್ದರೆ ಸುರುಳಿ, ‘ಎಂಟಿ’ ಎಂಬಲ್ಲಿ ಇದ್ದರೆ ಎರಡೂ. ಮೊದಲ ದಿನ ಟೆಲಿಫೋನು ಕೇಳುವ ಬಗೆ ತೋರಿಸಿದವರು ಗುಂಡಿಯನ್ನು ‘ಎಂಟಿ’ಯಲ್ಲೇ ಬಿಟ್ಟಿದ್ದರು.

ಸುರುಳಿಗೆ ಟೆಲಿಫೋನಿನ ಕಾಂತಕ್ಷೇತ್ರ, ಬೇರೆಯದರ ಕಾಂತಕ್ಷೇತ್ರ ಎಂಬ ಭೇದ ತಿಳಿಯದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಗಳ ಪರ್ಯಾಯ ವಿದ್ಯುತ್ತು. ತಾಮ್ರದ ಚೋಕು ಇರುವ ಟ್ಯೂಬ್‌ಲೈಟು, ಇನ್ವರ್ಟರಿನ ಟ್ರಾನ್ಸ್‌ಫಾರ್ಮರು, ಮೋಟಾರು, ಸ್ಟಾರ್ಟರ್ ಇವುಗಳ ಸುತ್ತ ಆ 50ರ ಮತ್ತು ಅದರ ಅಪವರ್ತ್ಯಗಳಾದ 100, 150ರ ಕಾಂತಸ್ಪಂದನ ಸದಾ ಇರುತ್ತದೆ. ಬರಿಯ ಕಿವಿಗೆ ಅದು ಕೇಳದು. ಸುರುಳಿ ಅದನ್ನು ಹಿಡಿದು ಗುಂಯ್ ಎಂಬ ಸದ್ದಾಗಿಸುತ್ತದೆ. ತಲೆ ಹೊರಳಿಸಿದರೆ ಸುರುಳಿಯ ದಿಕ್ಕು ಬದಲಾಗುತ್ತದೆ, ಸದ್ದು ಹೆಚ್ಚು ಕಡಿಮೆಯಾಗುತ್ತದೆ. ಮಾಸ್ತರರು ಬರೆದಿದ್ದ ಈ ಒಂದು ವಿವರವೇ ತಜ್ಞೆಗೆ ಸಾಕಾಯಿತು. ಯಂತ್ರ ಕಿವಿಯಲ್ಲಿ ಸರಿಯಾಗಿ ಕೂರದೆ ಅಥವಾ ಕಿವಿಯಲ್ಲಿ ಗುಗ್ಗೆ ತುಂಬಿ ಬರುವ ಕೂಯ್ ಎಂಬ ಸಿಳ್ಳು ಬೇರೆ, ಈ ಗುಂಯ್ ಬೇರೆ.

ಇನ್ನು ಫೋನಿನ ಭವಿಷ್ಯವಾಣಿ. ಮೊಬೈಲು ಬಂದ ಹೊಸತರಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್‌ಗಳ ಪಕ್ಕ ಅದನ್ನಿಟ್ಟರೆ, ಗಂಟೆ ಹೊಡೆಯುವ ಮೊದಲು ಟಿರ್ರ್ ಟಿರ್ರ್ ಎಂಬ ಸದ್ದು ಬರುತ್ತಿದ್ದುದು ಅನೇಕರಿಗೆ ನೆನಪಿರಬಹುದು. 2ಜಿ ಎಂದು ಕರೆಯುವ ಜಿಎಸ್ಎಂ ಪದ್ಧತಿಯಲ್ಲಿ ಮೊಬೈಲು ತನ್ನ ರೇಡಿಯೋ ತರಂಗವನ್ನು ಎಡೆಬಿಡದೆ ಕಳಿಸುವುದಿಲ್ಲ. ಒಂದೇ ತರಂಗಾಂತರವನ್ನು ಎಂಟು ಪಾಳಿಗಳಾಗಿ ಹಂಚಿಕೊಂಡು, ತನ್ನ ಪಾಳಿ ಬಂದಾಗ ಮಾತ್ರ ಸೆಕೆಂಡಿಗೆ ಸುಮಾರು 217 ಬಾರಿ ಮಿಡಿಯುತ್ತದೆ. ಯಂತ್ರದೊಳಗಿನ ಸಣ್ಣ ತಂತಿಗಳು ಆಂಟೆನಾದಂತೆ ವರ್ತಿಸಿ ಈ ಮಿಡಿತವನ್ನು ಒಳಗೆಳೆದುಕೊಳ್ಳುತ್ತವೆ, ವರ್ಧಕವು ಅದನ್ನು ಸದ್ದಾಗಿಸುತ್ತದೆ. ಕರೆ ಬರುವಾಗ ಮೊಬೈಲು ಮೊದಲು ಟವರಿನೊಡನೆ ಸಂದೇಶ ವಿನಿಮಯ ಮಾಡಿಕೊಂಡು ಆಮೇಲೆ ಗಂಟೆ ಹೊಡೆಯುತ್ತದೆ. ಮಾಸ್ತರರ ಕಿವಿಗೆ ಬೀಳುತ್ತಿದ್ದದ್ದು ಆ ವಿನಿಮಯ.

ಈ ತೊಂದರೆ ಕಮಲಾಪುರದಲ್ಲಿ ಹುಟ್ಟಿದ್ದಲ್ಲ. ಜಿಎಸ್ಎಂ ಹೊಸದಾಗಿ ಬಂದ 1990ರ ದಶಕದ ಆರಂಭದಲ್ಲೇ ಆಸ್ಟ್ರೇಲಿಯಾದಲ್ಲಿಯೂ ಯೂರೋಪಿನಲ್ಲಿಯೂ ಇದರ ಪರೀಕ್ಷೆಗಳು ನಡೆದಿದ್ದವು. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಅಂದರೆ ಈ ಸದ್ದಿನ ತಿಳಿವಳಿಕೆ ನಮ್ಮಲ್ಲಿಗೆ ಮೊಬೈಲು ಬರುವುದಕ್ಕಿಂತ ಹಳೆಯದು. ಶ್ರವಣಯಂತ್ರಗಳು ಇಂಥ ತರಂಗಗಳನ್ನು ಎಷ್ಟರಮಟ್ಟಿಗೆ ತಡೆಯಬೇಕೆಂಬುದಕ್ಕೆ ಅಂತರರಾಷ್ಟ್ರೀಯ ಮಾನಕವೇ ಇದೆ. ಅಮೆರಿಕದಲ್ಲಿ ಟೆಲಿಫೋನುಗಳು ಶ್ರವಣಯಂತ್ರಕ್ಕೆ ಹೊಂದಬೇಕೆಂಬ ಕಾನೂನು 1988ರಲ್ಲಿ ಬಂದಿತು. ಎಲ್ಲ ಮೊಬೈಲುಗಳೂ ಹೊಂದಬೇಕೆಂಬ ನಿಯಮವನ್ನು ಅಲ್ಲಿಯ ಸಂವಹನ ಆಯೋಗ ಅಂಗೀಕರಿಸಿದ್ದು 2024ರಲ್ಲಿ. ಹೊಸ ಯಂತ್ರಗಳಲ್ಲಿ ಈ ಬಾಧೆ ಬಹಳ ತಗ್ಗಿದೆ. 4ಜಿ ಕರೆಗಳಲ್ಲಿಯೂ ಅದು ಕಡಿಮೆ. ಆದರೆ ವೃದ್ಧರ ಜೇಬಿನಲ್ಲಿರುವುದು ಬಹುಪಾಲು ಹಳೆಯ ಮೊಬೈಲು, ಕಿವಿಯಲ್ಲಿರುವುದು ಹಳೆಯ ಯಂತ್ರ.

ಪರಿಹಾರಕ್ಕೆ ಹೆಚ್ಚು ಹಣ ಬೇಕಾಗಲಿಲ್ಲ. ಗುಂಡಿಯನ್ನು ‘ಎಂ’ಗೆ ಸರಿಸಿದ್ದರಿಂದ ಮುಕ್ಕಾಲು ಪಾಲು ಸದ್ದು ಅಂದೇ ಹೋಯಿತು. ಟೆಲಿಫೋನಿಗಾಗಿ ಸುರುಳಿ ಬೇಕಾದಾಗಲೂ ತೊಂದರೆಯಾಗಬಾರದೆಂದು ಪಡಸಾಲೆಯ ಟ್ಯೂಬ್‌ಲೈಟ್ ತೆಗೆದು ಎಲ್ಇಡಿ ಹಾಕಿದರು, ಇನ್ವರ್ಟರನ್ನು ಹಿತ್ತಲ ಕಡೆಯ ಗೋಡೆಗೆ ಸರಿಸಿದರು. ಇಂಥ ಸಣ್ಣ ಮೂಲಗಳಿಂದ ದೂರ ಇಮ್ಮಡಿಯಾದರೆ ಕಾಂತಕ್ಷೇತ್ರದ ಬಲ ಸುಮಾರು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ಒಂದೆರಡು ಮೊಳ ಸರಿದು ಕುಳಿತರೂ ಸಾಕು. ಮೊಬೈಲನ್ನು ಬಲಜೇಬಿನಿಂದ ಎಡಜೇಬಿಗೆ ಬದಲಿಸಿ, ಕರೆ ಬಂದರೆ ಸ್ಪೀಕರ್ ಹಾಕಿ ದೂರ ಹಿಡಿಯುವುದನ್ನು ಮೊಮ್ಮಗಳು ಕಲಿಸಿದಳು. ಬಸ್ಸಿನಲ್ಲಿ ಪಕ್ಕದವರ ಜೇಬಿನ ಮೊಬೈಲು ಈಗಲೂ ಒಮ್ಮೊಮ್ಮೆ ಟಿರ್ರ್ ಎನ್ನುತ್ತದೆ. ಕಾರಣ ತಿಳಿದಿರುವುದರಿಂದ ಅದು ಅವರನ್ನು ಬಾಧಿಸುವುದಿಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಗುಂಯ್ ಎಂದು ಕಾಡಿದ ಅದೇ ಸುರುಳಿ ಉಪಕಾರಿಯೂ ಹೌದು. ಸಭಾಂಗಣದ ಸುತ್ತ ಒಂದು ತಂತಿಯ ಕುಣಿಕೆ ಎಳೆದು, ಅದಕ್ಕೆ ತಕ್ಕ ವರ್ಧಕದ ಮೂಲಕ ಧ್ವನಿವರ್ಧಕದ ಮಾತನ್ನು ಕೊಟ್ಟರೆ, ಗುಂಡಿಯನ್ನು ‘ಟಿ’ಗೆ ಇಟ್ಟುಕೊಂಡವರಿಗೆ ಜನಸಂದಣಿಯ ಗದ್ದಲವಿಲ್ಲದೆ ಮಾತನಾಡುವವರ ದನಿ ಮಾತ್ರ ಕಿವಿಯೊಳಗೇ ಕೇಳುತ್ತದೆ. ಈ ಉಪಾಯಕ್ಕೆ ಬ್ರಿಟನ್ನಿನಲ್ಲಿ 1937ರಷ್ಟು ಹಿಂದೆಯೇ ಪೇಟೆಂಟ್ ಪಡೆಯಲಾಗಿತ್ತು. ಅಲ್ಲಿನ ಚರ್ಚುಗಳಲ್ಲಿ, ನಾಟಕಶಾಲೆಗಳಲ್ಲಿ ಇದು ಸಾಮಾನ್ಯ. ಪ್ರವಚನಕ್ಕೆ ಬಂದು ಮುಂದಿನ ಸಾಲಿನಲ್ಲಿ ಕುಳಿತೂ ಏನೊಂದೂ ಕೇಳಿಸದೆ, ಕೈಮುಗಿದು ಎದ್ದುಹೋಗುವ ಹಿರಿಯರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಸಭಾಂಗಣ ಕಟ್ಟಿಸುವ ಭಕ್ತರು ಈ ಒಂದು ತಂತಿಯ ವಿಷಯವನ್ನು ಯೋಚಿಸಬಹುದು.

ಕಲಬುರಗಿಯಿಂದ ಮರಳಿದ ಆ ಸಂಜೆ ಮಾಸ್ತರರು ಊಟದ ನಂತರ ಯಂತ್ರ ತೆಗೆಯಲಿಲ್ಲ. ಮಡದಿ ಎಲೆ ಅಡಿಕೆಯ ತಟ್ಟೆಯೊಡನೆ ದೂರವೇ ಕುಳಿತಿದ್ದರು. ‘ಈಗ ಕೇಳಸ್ತದ, ಏನಾರ ಹೇಳು’ ಎಂದರು ಮಾಸ್ತರರು. ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, ‘ಎರಡು ವರ್ಷದ್ದು ಈಗ ಎಲ್ಲಿಂದ ಹೇಳಲಿ’ ಎಂದರಂತೆ. ಆಮೇಲೆ ಮಂಡಿನೋವಿನಿಂದಲೇ ಆರಂಭಿಸಿದರು.

ಕಳೆದುಹೋದ ಸಂಜೆಗಳು ಮರಳಿ ಬರಲಾರವು. ಅವು ಹೋದದ್ದು ಅಕ್ಕಿಕಾಳಿನಷ್ಟು ಗುಂಡಿಯ ದೆಸೆಯಿಂದ ಎಂದು ಹೇಳಿದರೆ ಅರ್ಧ ಸತ್ಯ ಮಾತ್ರ. ಕಿವಿ ಮಂದವಾದವರಿಗೆ ಕೇಳಿಸುವ ಸದ್ದು ಉಳಿದವರಿಗೆ ಕೇಳಿಸದು. ಅದಕ್ಕೆ ಸಾಕ್ಷಿ ಅವರೊಬ್ಬರೇ. ಆ ಸಾಕ್ಷಿಯನ್ನು ನಂಬಿ, ಹತ್ತಿರ ಕುಳಿತು, ಏನು, ಎಲ್ಲಿ, ಯಾವಾಗ ಎಂದು ಕೇಳುವುದು ಕಿವಿ ನೆಟ್ಟಗಿರುವವರ ಕೆಲಸ. ಮಾಸ್ತರರಿಗೆ ಆಲಿಸುವ ಶಕ್ತಿ ಕುಂದಿತ್ತು. ಮನೆಯವರಲ್ಲಿ ವಿಚಾರಿಸುವ ರೂಢಿ ಕುಂದಿತ್ತು. ಮೊದಲನೆಯದಕ್ಕೆ ಯಂತ್ರವಿದೆ. ಎರಡನೆಯದನ್ನು ಮನೆಯವರೇ ತಂದುಕೊಳ್ಳಬೇಕು.

ಮನೆಯಲ್ಲಿ ಕಿವಿ ಮಶೀನು ಡಬ್ಬಿಯೊಳಗೆ ಸೇರಿದ್ದರೆ, ಇಂದು ಸಂಜೆ ಆ ಹಿರಿಯರ ಪಕ್ಕ ಕುಳಿತು ಒಮ್ಮೆ ಕೇಳಿ ನೋಡಿರಿ.